ಬೂದಿಯ ಬೆನ್ನು ಹತ್ತಿ ಅಂಡಮಾನ್ ಕಡಲಿನಲ್ಲಿ ಏಳು ದಿನ

ಮೊದಲ ದಿನ: ಜೆಟ್ಟಿ

"ಬ್ಯಾರೆನ್ ಕಡೆಗಾ? ಬಿಳಿ ಅಂಗಿ ಹಾಕ್ಕೊಂಡು ಹೋಗ್ಬೇಡಿ" ಎಂದು ನಕ್ಕವರು ಜೆಟ್ಟಿಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದ ಹಿರಿಯ ಮೀನುಗಾರ. ಬ್ಯಾರೆನ್ ಅಂದರೆ ಈ ಕಡಲಿನ ಜ್ವಾಲಾಮುಖಿ ದ್ವೀಪ. ಕೆಲವು ವರ್ಷಗಳ ಹಿಂದೆ ಆ ದಿಕ್ಕಿಗೆ ಹೋಗಿದ್ದಾಗ ಬೆಳಗಾಗುವುದರೊಳಗೆ ದೋಣಿಯ ಹಲಗೆಯ ಮೇಲೆಲ್ಲ ಕಪ್ಪು ಪುಡಿ ಕೂತಿತ್ತಂತೆ. ಗುಡಿಸಿ ಕಡಲಿಗೇ ಚೆಲ್ಲಿದರಂತೆ. ಹಾಗೆ ಕಡಲಿಗೆ ಬಿದ್ದ ಪುಡಿ ಎಲ್ಲಿಗೆ ಹೋಗುತ್ತದೆ, ಸಾವಿರಾರು ವರ್ಷಗಳ ಮೇಲೆ ಅದನ್ನು ಎತ್ತಿ ಓದುವುದು ಹೇಗೆ ಎಂಬುದಕ್ಕೇ ಈ ಏಳು ದಿನದ ಓಡಾಟ.

ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಎಂದು ಹೆಸರು, ಜೆಟ್ಟಿಯ ಮಾತಿನಲ್ಲಿ ಮಾತ್ರ ಇನ್ನೂ ಹಳೆಯದೇ. ಅನುಮತಿ ಪತ್ರಗಳ ಗೋಳು, ಸಾಮಾನು ಸಾಗಿಸಿದ ಗೋಳು ಇಲ್ಲಿ ಬೇಡ. ಮಧ್ಯಾಹ್ನದ ಹೊತ್ತಿಗೆ ಹಡಗಿನ ಹಿಂಬದಿಯ ಡೆಕ್ ತುಂಬ ಉಕ್ಕಿನ ಕೊಳವೆಗಳು, ಸೀಸದ ತೂಕದ ಬಿಲ್ಲೆಗಳು, 3 ಮೀಟರ್ ಉದ್ದದ ಪಿವಿಸಿ ಪೈಪುಗಳು. ಪಿವಿಸಿ ಪೈಪನ್ನು ನೆರಳಿನಲ್ಲಿ, ಮಟ್ಟವಾದ ಕಡೆ ಮಲಗಿಸಬೇಕು. ಅಂಡಮಾನಿನ ಫೆಬ್ರವರಿ ಬಿಸಿಲಿಗೆ ಎರಡು ಗಂಟೆ ಒಡ್ಡಿದರೆ ಸಾಕು, ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಉಕ್ಕಿನ ಕೊಳವೆಯೊಳಗೆ ತುರುಕಲು ಹೋದರೆ ಅರ್ಧದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಒಂದು ಪೈಪು ಮೊದಲ ದಿನವೇ ಹಾಗಾಯಿತು.

ಜ್ವಾಲಾಮುಖಿಯ ಚರಿತ್ರೆ ಬೇಕೆಂದರೆ ಜ್ವಾಲಾಮುಖಿಯ ಮೇಲೆಯೇ ಅಗೆಯಬಾರದೇ ಎಂದು ಕೇಳಿದವನು ಅಡುಗೆಮನೆಯ ಹುಡುಗ. ಒಳ್ಳೆಯ ಪ್ರಶ್ನೆ. ಜ್ವಾಲಾಮುಖಿ ತನ್ನ ಲೆಕ್ಕದ ಪುಸ್ತಕವನ್ನು ತಾನೇ ಸುಡುತ್ತದೆ. ಹೊಸ ಲಾವಾ ಹಳೆಯದನ್ನು ಮುಚ್ಚುತ್ತದೆ, ಶಿಖರ ಕುಸಿದರೆ ಒಂದು ಅಧ್ಯಾಯವೇ ಹೋಗುತ್ತದೆ, ಉಳಿದದ್ದನ್ನು ಮಳೆ ತೊಳೆಯುತ್ತದೆ. ಸಮುದ್ರದ ತಳದಲ್ಲಿ ಆ ಗಲಾಟೆಯಿಲ್ಲ. ಕೆಸರು ದಿನವೂ ಇಷ್ಟಿಷ್ಟೇ ಕೂರುತ್ತದೆ. ಸ್ಫೋಟವಾದಾಗ ಅದರ ಮೇಲೊಂದು ಬೂದಿಯ ಹಾಸು ಬೀಳುತ್ತದೆ, ಮತ್ತೆ ಕೆಸರು. ಇಂಥ ಬೂದಿಗೂ ಕಲ್ಲಿನ ಚೂರಿಗೂ ಸೇರಿಸಿ ಟೆಫ್ರಾ ಎಂಬ ಹೆಸರಿಟ್ಟವರು ಐಸ್‌ಲ್ಯಾಂಡಿನ ಸಿಗುರ್ದುರ್ ಥೋರಾರಿನ್ಸನ್, 1944ರಲ್ಲಿ. ಬೂದಿ ಎಂದರೂ ಒಲೆಯ ಬೂದಿಯಲ್ಲ, ಬಹುಪಾಲು ಗಾಜು: ಕರಗಿದ ಕಲ್ಲು ಗಾಳಿಯಲ್ಲಿ ಚೂರಾಗಿ, ಹರಳುಗಟ್ಟಲು ಪುರುಸೊತ್ತಿಲ್ಲದೆ ಹೆಪ್ಪುಗಟ್ಟಿದ್ದು. ಎರಡು ಗಾಜಿನ ತಟ್ಟೆಗಳ ನಡುವೆ ಉಜ್ಜಿದರೆ ಗೀರು ಬೀಳುತ್ತದೆ.

ರಾತ್ರಿ ಎಂಟಕ್ಕೆ ಹಗ್ಗ ಬಿಚ್ಚಿದರು. ಊಟಕ್ಕೆ ಅನ್ನ, ಸಾಸಿವೆ ಹಾಕಿದ ಮೀನಿನ ಸಾರು.

ಎರಡನೆಯ ದಿನ: ಹೊಗೆಯಾಡುವ ದ್ವೀಪ

ಬಂದರಿನಿಂದ ಈಶಾನ್ಯಕ್ಕೆ ಸುಮಾರು 135 ಕಿ.ಮೀ. ಬೆಳಕು ಹರಿಯುವಾಗ ಬ್ಯಾರೆನ್ ಎದುರಿಗಿತ್ತು. ಅಡ್ಡಳತೆ 3 ಕಿ.ಮೀ. ಆಸುಪಾಸಿನ ದುಂಡು ದ್ವೀಪ, ಒಳಗೆ 2 ಕಿ.ಮೀ. ಅಗಲದ ಕುಸಿದ ಬಾಣಲೆ, ಬಾಣಲೆಯ ನಡುವೆ ಕಪ್ಪು ಶಂಕು. ಪಶ್ಚಿಮಕ್ಕೆ ಬಾಣಲೆಯ ಅಂಚು ಒಡೆದಿದೆ. ಲಾವಾ ಅಲ್ಲಿಂದಲೇ ಕಡಲಿಗೆ ಇಳಿದಿರುವುದರಿಂದ ಒಳಗನ್ನು ನೋಡಬೇಕಾದರೆ ಹಡಗು ಪಶ್ಚಿಮಕ್ಕೆ ನಿಲ್ಲಬೇಕು. ನೀರಿನ ಮೇಲೆ ಕಾಣುವುದು ಸುಮಾರು 350 ಮೀಟರ್ ಮಾತ್ರ, ನೀರಿನ ಕೆಳಗೆ ಬೆಟ್ಟ ಇನ್ನೂ ಎರಡು ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ. ದ್ವೀಪದ ಮೇಲೆ ಕಾಲಿಡಲು ಬಿಡುವುದಿಲ್ಲ, ಸುತ್ತು ಹಾಕುವುದಷ್ಟೇ.

ಬರವಣಿಗೆಯಲ್ಲಿರುವ ಇದರ ಚರಿತ್ರೆ ತೀರ ಚಿಕ್ಕದು. 1787ರಿಂದ 1832ರವರೆಗೆ ಆಗೊಮ್ಮೆ ಈಗೊಮ್ಮೆ ಕಂಡ ಸ್ಫೋಟಗಳು, ಆಮೇಲೆ ಒಂದೂವರೆ ಶತಮಾನದ ಮೌನ, 1991ರಲ್ಲಿ ಮತ್ತೆ ಎಚ್ಚರ. 2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಂಡ ಇದೇ ನೀರಿನಲ್ಲಿ ಕಡಲತಳದ ಮಾದರಿ ಎತ್ತುತ್ತಿದ್ದಾಗ ಬೆಟ್ಟ ಕಣ್ಣೆದುರೇ ಉಗುಳತೊಡಗಿತು: ಹಗಲು ಬೂದಿಯ ಮೋಡ, ಕತ್ತಲಾದ ಮೇಲೆ ಕೆಂಪು ಲಾವಾದ ಚಿಲುಮೆ. ನಮಗೆ ಸಿಕ್ಕಿದ್ದು ಶಂಕುವಿನ ನೆತ್ತಿಯಿಂದ ಓರೆಯಾಗಿ ಎಳೆದ ಬಿಳಿ ಹೊಗೆ ಮಾತ್ರ. ಅದೂ ನೈರುತ್ಯದ ಕಡೆಗೆ ವಾಲಿತ್ತು. ಚಳಿಗಾಲದ ಗಾಳಿ ಈಶಾನ್ಯದಿಂದ ಬೀಸುತ್ತದೆ, ಮಳೆಗಾಲದಲ್ಲಿ ನೇರ ಉಲ್ಟಾ ತಿರುಗುತ್ತದೆ.

ಈ ವಾಲಿಕೆಯನ್ನು ನೋಡಿಟ್ಟುಕೊಳ್ಳಬೇಕು. ಸಣ್ಣ ಸ್ಫೋಟದ ಬೂದಿ ಕೆಳಗಿನ ಗಾಳಿಯ ಜೊತೆ ಹೋಗುತ್ತದೆ. ಜನವರಿಯಲ್ಲಿ ಸಿಡಿದದ್ದು ನೈರುತ್ಯದ ಕೆಸರಿನಲ್ಲಿ, ಜುಲೈಯಲ್ಲಿ ಸಿಡಿದದ್ದು ಈಶಾನ್ಯದ ಕೆಸರಿನಲ್ಲಿ. ದೊಡ್ಡ ಸ್ಫೋಟ ಹತ್ತಿಪ್ಪತ್ತು ಕಿ.ಮೀ. ಮೇಲೇರಿದರೆ ಅಲ್ಲಿನ ಗಾಳಿಯ ಮಾತೇ ಬೇರೆ. ಸುಮಾತ್ರದ ತೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಬೂದಿ ಬಂಗಾಳ ಕೊಲ್ಲಿಯನ್ನೂ ಭಾರತವನ್ನೂ ದಾಟಿ ಅರಬ್ಬೀ ಸಮುದ್ರದವರೆಗೆ ಬಿತ್ತು. ಆಂಧ್ರದ ಜ್ವಾಲಾಪುರಂನಲ್ಲಿ ಅದು ಇವತ್ತಿಗೂ ಕಣ್ಣಿಗೆ ಕಾಣುವ ದಪ್ಪದ ಪದರ. ಒಂದು ಕಡೆ ಒಂದೇ ಕೋರ್ (ಕೊಳವೆಯಲ್ಲಿ ಬರುವ ಕೆಸರಿನ ಕಂಬ) ಎತ್ತಿ "ಇಷ್ಟೇ ಸ್ಫೋಟ" ಎನ್ನುವವರನ್ನು ನಂಬಬಾರದು ಅನ್ನುವುದು ಇದಕ್ಕೇ. ಆ ಕೋರ್ ಹೇಳುವುದು ಆ ದಿಕ್ಕಿಗೆ ಬಿದ್ದದ್ದನ್ನು ಮಾತ್ರ.

ಮಧ್ಯಾಹ್ನ ಒಂದು ತಮಾಷೆ. ಬೀಳುವ ಬೂದಿ ಹಿಡಿಯೋಣವೆಂದು ಡೆಕ್ಕಿನ ಮೇಲೆ ಬಿಳಿ ತಟ್ಟೆ ಇಟ್ಟಿದ್ದರು. ಎರಡು ಗಂಟೆಯಲ್ಲಿ ತಟ್ಟೆಯ ತುಂಬ ಕಪ್ಪು ಚುಕ್ಕೆ. ಎಲ್ಲರೂ ಲೆನ್ಸ್ ಹಿಡಿದು ಓಡಿದರು. ಡೆಕ್ಕಿನ ಆಳುಗಳ ಮೇಸ್ತ್ರಿ ಬೋಸನ್ ಮಾತ್ರ ಬೆರಳಲ್ಲಿ ಒತ್ತಿ ನೋಡಿ "ನಮ್ಮ ಚಿಮಣಿಯದು" ಎಂದ. ಬೆರಳಿಗೆ ಕಾಡಿಗೆಯಂತೆ ಮೆತ್ತಿಕೊಂಡರೆ ಡೀಸೆಲ್ ಮಸಿ, ಮರಳಿನಂತೆ ಕರಕರ ಎಂದರೆ ಬೂದಿ. ತಟ್ಟೆ ಇಡುವುದಾದರೆ ಹಡಗಿನ ಮೂಗಿನಲ್ಲಿ, ಗಾಳಿಗೆ ಎದುರಾಗಿ ಇಡಬೇಕು.

ಮೂರನೆಯ ದಿನ: ಜಾಗ ಹುಡುಕಿ, ಮೊದಲ ಕೋರ್

ರಾತ್ರಿಯಿಡೀ ಹಡಗು ಉಳುವ ಎತ್ತಿನಂತೆ ಸಾಲು ಹಿಡಿದು ಓಡಾಡಿತು. ತಳದ ಉಬ್ಬುತಗ್ಗು ತೋರಿಸುವ ಮಲ್ಟಿಬೀಮ್ ಒಂದು, ಕೆಸರಿನೊಳಕ್ಕೆ ಹತ್ತಾರು ಮೀಟರ್ ಇಳಿದು ಪದರಗಳನ್ನು ಬಿಡಿಸುವ 3.5 ಕಿಲೋಹರ್ಟ್ಜ್ ಪ್ರೊಫೈಲರ್ ಇನ್ನೊಂದು. ಪರದೆಯ ಮೇಲೆ ಬೇಕಾದದ್ದು ಒಂದರ ಕೆಳಗೊಂದು ಸಮಾನಾಂತರವಾಗಿ, ಎಲ್ಲೂ ಕಡಿಯದೆ ಸಾಗುವ ಗೆರೆಗಳು. ಗೆರೆಗಳು ತೆಳುವಾಗಿ ಒಂದರೊಳಗೊಂದು ಮುಗಿದರೆ ಅಲ್ಲಿ ಸವೆತವಿದೆ, ಮಸುಕು ಗುಡ್ಡೆಯಾಗಿ ಕಂಡರೆ ಕುಸಿತ. ದ್ವೀಪಕ್ಕೆ ತೀರ ಹತ್ತಿರ ಹೋಗುವ ಆಸೆಯನ್ನು ಅದುಮಿಕೊಳ್ಳಬೇಕು. ಬೆಟ್ಟದ ಇಳಿಜಾರಿನಲ್ಲಿ ಬೂದಿ ಬೇಕಾದಷ್ಟಿದೆ, ಆದರೆ ಅದು ಬಿದ್ದ ಕಡೆ ಇಲ್ಲ, ಉರುಳಿದ ಕಡೆ ಇದೆ. ತೀರ ದೂರ ಹೋದರೆ ಪದರ ಕೂದಲೆಳೆಯಷ್ಟಾಗುತ್ತದೆ. ಇದೇ ಜ್ವಾಲಾಮುಖಿಯ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಕೋರ್ ಎತ್ತಿದ್ದು ದ್ವೀಪದಿಂದ ಆಗ್ನೇಯಕ್ಕೆ 32 ಕಿ.ಮೀ. ಆಚೆ. ಆ 4 ಮೀಟರ್ ಕೆಸರಿನಲ್ಲಿ ಬಿಡಿಬಿಡಿಯಾಗಿ ಏಳು ಬೂದಿ ಪದರ, ಚರಿತ್ರೆಯ ಉದ್ದ 72,000 ವರ್ಷ. 1787ರಿಂದ ಶುರುವಾಗುವ ಬರವಣಿಗೆಯ ಪಕ್ಕಕ್ಕೆ ಇದನ್ನಿಟ್ಟು ನೋಡಿ.

ಹತ್ತು ಗಂಟೆಗೆ, ಸ್ವಂತ ಭಾರಕ್ಕೇ ಕೆಸರಿಗೆ ಹೊಗುವ ಗ್ರಾವಿಟಿ ಕೋರರ್ ಇಳಿಯಿತು. ಯಂತ್ರ ಸರಳ. ಮೇಲೆ ಮುಕ್ಕಾಲು ಟನ್ ಸೀಸ, ಕೆಳಗೆ 6 ಮೀಟರ್ ಉಕ್ಕಿನ ಕೊಳವೆ, ಅದರೊಳಗೆ ಲೈನರ್ ಎಂಬ ಪಿವಿಸಿ ಒಳಪೈಪು, ತುದಿಯಲ್ಲಿ ಚೂಪು ಬಾಯಿ, ಬಾಯಿಯೊಳಗೆ ಕಿತ್ತಳೆ ತೊಳೆಗಳಂತೆ ಮೇಲಕ್ಕೆ ಮಾತ್ರ ತೆರೆಯುವ ಲೋಹದ ಎಸಳುಗಳು. ಈ ಎಸಳುಗಳೇ ಕೋರ್ ಕ್ಯಾಚರ್. ಕೆಸರು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಹೋಗಬಾರದು, ಅಷ್ಟೆ.

ವಿಂಚ್ ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ ತಂತಿ ಬಿಡುತ್ತದೆ. ಎರಡು ಸಾವಿರ ಮೀಟರ್ ಆಳಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು. ತಂತಿಗೆ ಕೋರರಿನಿಂದ 50 ಮೀಟರ್ ಮೇಲೆ ಕಟ್ಟಿದ, ಪಿಂಗರ್ ಎಂಬ ಸದ್ದು ಮಾಡುವ ಸಾಧನ ತಳ ಎಷ್ಟು ದೂರವೆಂದು ಕೂಗುತ್ತಿರುತ್ತದೆ. ತಳದಿಂದ ಅಷ್ಟೇ ಮೇಲೆ ಎರಡು ನಿಮಿಷ ನಿಲ್ಲಿಸಬೇಕು, ತೂಗಾಟ ನಿಲ್ಲಲಿ ಎಂದು. ಓರೆಯಾಗಿ ಹೊಕ್ಕ ಕೋರಿನಲ್ಲಿ ಪ್ರತಿಯೊಂದು ಪದರವೂ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಆಮೇಲೆ ಒಂದೇ ವೇಗದಲ್ಲಿ ಇಳಿಸಿ, ತಂತಿಯ ಬಿಗಿ ಅಳೆಯುವ ಮುಳ್ಳು ಕುಸಿದ ಕೂಡಲೇ ನಿಲ್ಲಿಸಬೇಕು. ಇನ್ನೂ ಬಿಟ್ಟರೆ ಸಡಿಲ ತಂತಿ ಕೋರರಿನ ಮೇಲೆ ಸುರುಳಿ ಬಿದ್ದು ಗಂಟಾಗುತ್ತದೆ.

ವಿಂಚ್ ನಡೆಸುವವರು ಇಪ್ಪತ್ತು ವರ್ಷದ ಅನುಭವಿ. ಮುಳ್ಳನ್ನು ನೋಡುವುದಕ್ಕಿಂತ ಹೆಚ್ಚು ತಂತಿಗೆ ಅಂಗೈ ಆನಿಸಿ ಕೇಳುತ್ತಾರೆ. (ಇದನ್ನು ಯಾರೂ ಅನುಕರಿಸಬಾರದು, ಅವರೇ ಹೇಳಿದ ಮಾತು.) "ಜೇಡಿಗೆ ಹೊಕ್ಕರೆ ಬೆಣ್ಣೆಗೆ ಚಾಕು ಹೋದ ಹಾಗೆ. ಮರಳಿಗೆ ಹೊಡೆದರೆ ತಂತಿ ಗುಂಯ್ ಅನ್ನುತ್ತೆ" ಎಂದರು. ಆ ದಿನ ಗುಂಯ್ ಅಂದಿತು.

ಮೇಲೆ ಬಂದಾಗ ಹೊರಗಿನ ಕೊಳವೆಗೆ 3 ಮೀಟರಿನವರೆಗೆ ಕೆಸರು ಮೆತ್ತಿತ್ತು. ಒಳಗಿದ್ದದ್ದು ಎರಡೂ ಕಾಲು ಮೀಟರ್. ವ್ಯತ್ಯಾಸ ನೋಡಿ ಗಾಬರಿಯಾಗಬೇಕಿಲ್ಲ. ಒಳಗೋಡೆಯ ಉಜ್ಜಾಟಕ್ಕೆ ಗ್ರಾವಿಟಿ ಕೋರ್ ಯಾವಾಗಲೂ ಕುಗ್ಗುತ್ತದೆ. ಬೇಸರವಾದದ್ದು ಕ್ಯಾಚರ್ ನೋಡಿ: ಎಸಳುಗಳ ಸಂದಿಯಿಂದ ಕಪ್ಪು ಒರಟು ಮರಳು ಸೋರಿ ಡೆಕ್ಕಿನ ಮೇಲೆ ಗೆರೆ ಎಳೆದಿತ್ತು. ಕೊಳವೆ ನಿಂತದ್ದು ಒಂದು ದಪ್ಪ ಬೂದಿ ಪದರದಲ್ಲಿ, ಹುಡುಕಿಕೊಂಡು ಬಂದ ಪದರದಲ್ಲೇ. ಮೇಲೆ ಬರುವಷ್ಟರಲ್ಲಿ ಅದರ ಬಹುಪಾಲು ಕಡಲಿಗೆ ಜಾರಿತ್ತು.

ನಾಲ್ಕನೆಯ ದಿನ: ಕಾಲುಚೀಲ ಮತ್ತು ಬಾಗಿದ ಕೊಳವೆ

ಪರಿಹಾರ ಬೋಸನ್‌ನದು, ಹಳೆಯದೇ. ಕ್ಯಾಚರಿನ ಒಳಗೆ ತೆಳು ಬಟ್ಟೆಯ ತೋಳು ಹೊಲಿದು ಕೂರಿಸುವುದು. ಕೆಸರು ಒಳಗೆ ಬರುವಾಗ ತೋಳು ಗೋಡೆಗೆ ಅಂಟಿಕೊಂಡಿರುತ್ತದೆ, ಮೇಲೆತ್ತುವಾಗ ಮರಳಿನ ಭಾರಕ್ಕೆ ಚೀಲದಂತೆ ಮುದುರಿ ಬಾಯಿ ಮುಚ್ಚುತ್ತದೆ. ಕಾಲುಚೀಲ ಎಂದೇ ಡೆಕ್ಕಿನ ಮೇಲೆ ಅದರ ಹೆಸರು.

ಉದ್ದದ ಕೋರ್ ಬೇಕಾದ್ದರಿಂದ ಅಂದು ಪಿಸ್ಟನ್ ಕೋರರ್. 1940ರ ದಶಕದಲ್ಲಿ ಸ್ವೀಡನ್ನಿನ ಬ್ಯೋರ್ಯೆ ಕುಲ್ಲೆನ್‌ಬರ್ಗ್ ರೂಪಿಸಿದ ಉಪಾಯ: ಕೊಳವೆ ಕೆಳಗಿಳಿಯುವಾಗ ಒಳಗಿನ ಪಿಸ್ಟನ್ ತಳದ ಮಟ್ಟದಲ್ಲೇ ನಿಂತು, ಸಿರಿಂಜಿನಂತೆ ಉಜ್ಜಾಟವನ್ನು ಸರಿದೂಗಿಸುತ್ತದೆ. ಪಕ್ಕದಲ್ಲಿ ತೂಗುವ ಚಿಕ್ಕ ಕೋರರ್ ಮೊದಲು ತಳ ಮುಟ್ಟಿದಾಗ ಕೊಕ್ಕೆ ಬಿಡುತ್ತದೆ, ದೊಡ್ಡದು ಕೆಲವು ಮೀಟರ್ ಸ್ವಂತ ಭಾರದಲ್ಲಿ ಬೀಳುತ್ತದೆ. ಇಡೀ ಲೆಕ್ಕ ನಿಂತಿರುವುದು ಪಿಸ್ಟನ್ನಿಗೆ ಬಿಡುವ ಸಡಿಲ ತಂತಿಯ ಉದ್ದದ ಮೇಲೆ. ಬೀಳುವ ದೂರಕ್ಕೆ ಸರಿಹೊಂದಿಸಿ, ಭಾರ ಕಳಚಿದಾಗ ಮುಖ್ಯ ತಂತಿ ಎಷ್ಟು ಮೇಲಕ್ಕೆ ಪುಟಿಯುತ್ತದೋ ಅದನ್ನೂ ಸೇರಿಸಬೇಕು. ಪುಟಿತ ಮರೆತರೆ ಪಿಸ್ಟನ್ ಬೇಗ ಎಳೆಯಲ್ಪಟ್ಟು ಕೆಸರನ್ನು ಹೀರುತ್ತದೆ. ಆಗ ಪದರಗಳು ನಿಲುವಾಗಿ ಎಳೆದ ದಾರಗಳಂತೆ ಕಾಣುತ್ತವೆ. ಅಂಥ ಭಾಗವನ್ನು ಅಳೆಯದೆ ಬಿಡುವುದೇ ಸರಿ. ತಳದ ಮೇಲಿನ ಮೆತ್ತನೆಯ ಒಂದೆರಡು ಗೇಣು ಪಿಸ್ಟನ್ ಕೋರಿನಲ್ಲಿ ಬಹುತೇಕ ಹಾಳಾಗುತ್ತದೆ. ಅದು ಚಿಕ್ಕ ಕೋರರಿನಲ್ಲಿ ಸಿಗುವುದರಿಂದ ಎರಡನ್ನೂ ಜೋಡಿಸಿ ಓದಬೇಕು.

ಮೊದಲ ಇಳಿತದಲ್ಲಿ ಕೊಳವೆ ಬಾಳೆಹಣ್ಣಿನಂತೆ ಬಾಗಿ ಬಂತು, ಮತ್ತೆ ಅದೇ ಗಟ್ಟಿ ಪದರ. ಬಾಗಿದ ಕೊಳವೆಯಿಂದ ಲೈನರನ್ನು ಎಳೆದು ತೆಗೆಯಲು ಹೋಗಬಾರದು, ಕೆಸರು ಮುದ್ದೆಯಾಗುತ್ತದೆ. ಬಾಗಿದ ಕಡೆಯಲ್ಲೇ ಉಕ್ಕನ್ನು ಕೊಯ್ದು ಎರಡೂ ಬದಿ ಬೇರೆಬೇರೆ ತೆಗೆಯಬೇಕು. ಇದಕ್ಕೇ ಇಡೀ ಮಧ್ಯಾಹ್ನ ಹೋಯಿತು. ಎರಡನೆಯ ಇಳಿತ ಎರಡು ಕಿ.ಮೀ. ಆಚೆಗೆ, ಪ್ರೊಫೈಲರಿನಲ್ಲಿ ಆ ಗಟ್ಟಿ ಗೆರೆ ತುಸು ತೆಳುವಾದ ಕಡೆ. 5 ಮೀಟರ್ ಚಿಲ್ಲರೆ ಕೋರ್ ಬಂತು, ಕಾಲುಚೀಲದ ತುಂಬ ಬೂದಿಯೂ ಬಂತು.

ಕೋರ್ ಡೆಕ್ಕಿಗೆ ಬಂದ ಕೂಡಲೇ ಮಲಗಿಸುವ ಅವಸರ ಬೇಡ. ಮೇಲ್ತುದಿ ಗಂಜಿಯಂತಿರುತ್ತದೆ. ಕೆಸರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಲೈನರಿಗೆ ಸಣ್ಣ ತೂತು ಕೊರೆದು ನೀರನ್ನು ಬಸಿದು, ಖಾಲಿ ಜಾಗಕ್ಕೆ ಸ್ಪಂಜು ತುಂಬಿ, ಆಮೇಲೆ ಒಂದೊಂದು ಮೀಟರಿಗೆ ಕತ್ತರಿಸಬೇಕು. ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಣ್ಣವಿಲ್ಲದ್ದು ಎಂಬುದು ಕೊರೆಯುವ ಹಡಗುಗಳ ರೂಢಿ. ಅಷ್ಟನ್ನೇ ನಂಬದೆ ಲೈನರಿನ ಮೇಲೆ ಅಳಿಸದ ಶಾಯಿಯಲ್ಲಿ ಬಾಣವನ್ನೂ ಬರೆಯಬೇಕು. ಮುಚ್ಚಳ ಬಿದ್ದುಹೋಗುತ್ತದೆ. ತಲೆಕೆಳಗಾಗಿ ಓದಿದ ಒಂದು ಮೀಟರ್ ಎಂದರೆ ಸಾವಿರಾರು ವರ್ಷಗಳ ಚರಿತ್ರೆ ಹಿಂದುಮುಂದು.

ಐದನೆಯ ದಿನ: ಸೀಳಿದ ಕೋರ್

ಸೀಳುವ ಕೆಲಸ ಸಾಮಾನ್ಯವಾಗಿ ದಡಕ್ಕೆ ಹೋದ ಮೇಲೆ. ಮುಂದಿನ ಜಾಗ ಆರಿಸಲು ಒಂದನ್ನಾದರೂ ಹಡಗಿನಲ್ಲೇ ನೋಡಬೇಕಿತ್ತು. ಸೀಳುವ ಮೊದಲೇ ಕಾಂತೀಯ ಸಂವೇದ್ಯತೆಯ (ಕೆಸರು ಕಾಂತಕ್ಕೆ ಎಷ್ಟು ಸ್ಪಂದಿಸುತ್ತದೆಂದು ಅಳೆಯುವ) ಉಂಗುರದೊಳಗೆ ಕೋರ್ ತೂರಿಸಿ, 2 ಸೆಂ.ಮೀ.ಗೊಮ್ಮೆ ಓದಿಕೊಳ್ಳುವುದು ಕ್ರಮ. ಬ್ಯಾರೆನ್‌ನದು ಬಸಾಲ್ಟ್ ಎಂಬ ಕಪ್ಪು ಕಲ್ಲಿನ ಜಾತಿ, ಕಬ್ಬಿಣದ ಅಂಶ ಹೆಚ್ಚು. ಅದರ ಬೂದಿ ಬಂದಲ್ಲಿ ಸೂಚಿ ಗಕ್ಕನೆ ಏರುತ್ತದೆ. ತೋಬಾದಂಥ ಬಿಳಿ ರಯೋಲೈಟ್ ಬೂದಿಯಲ್ಲಿ ಕಾಂತೀಯ ಖನಿಜ ಕಡಿಮೆಯಾದ್ದರಿಂದ ಇದೇ ಯಂತ್ರಕ್ಕೆ ಅದು ಕಣ್ತಪ್ಪಬಹುದು. ಸೂಚಿ ಏರಿದ ಕಡೆಗಳನ್ನು ಮಾತ್ರ ಎಣಿಸಿದರೆ ಅರ್ಧ ಕಥೆ ಹೋಯಿತು.

ಲೈನರಿನ ಎರಡೂ ಪಕ್ಕ ಗರಗಸ ಹಾಕಿ, ಕೆಸರನ್ನು ತೆಳು ತಂತಿಯಿಂದ ಕೊಯ್ದು, ಮುಖವನ್ನು ಗಾಜಿನ ಅಂಚಿನಿಂದ ಅಡ್ಡಕ್ಕೆ ಹೆರೆಯಬೇಕು. ಉದ್ದಕ್ಕೆ ಎಳೆದರೆ ಒಂದು ಪದರದ ಕಪ್ಪು ಇನ್ನೊಂದಕ್ಕೆ ಬಳಿದುಕೊಳ್ಳುತ್ತದೆ. ಹೆರೆದಂತೆ ಬೂದು ಹಸಿರಿನ ಕೆಸರು ತೆರೆದುಕೊಂಡಿತು. ಇದರಲ್ಲಿ ಇರಾವತಿ ನದಿ ಬರ್ಮಾದಿಂದ ತಂದು ಸುರಿದ ಜೇಡಿಯ ಪಾಲು ದೊಡ್ಡದು. ನಡುವೆ ಎರಡು ಬೆರಳು ದಪ್ಪದ ಕಪ್ಪು ಪಟ್ಟಿ.

ಪಟ್ಟಿಯ ಕೆಳ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ಚೊಕ್ಕ. ಮೇಲಂಚು ಹೊಗೆಯಂತೆ ಕರಗಿ ಹೋಗಿತ್ತು, ಅಲ್ಲಲ್ಲಿ ಕಪ್ಪು ಬೆರಳುಗಳು ಮೇಲಿನ ಕೆಸರಿಗೆ ಚಾಚಿದ್ದವು. ಇದು ಹುಳುಗಳ ಕೆಲಸ. ತಳದಲ್ಲಿ ಬದುಕುವ ಜೀವಿಗಳು ಮೇಲಿನ ಹತ್ತು ಸೆಂ.ಮೀ. ಆಸುಪಾಸಿನ ಕೆಸರನ್ನು ಸದಾ ಕಲಕುತ್ತಿರುತ್ತವೆ. ಸ್ಫೋಟದ ಕ್ಷಣವೆಂದು ಗುರುತು ಹಾಕಬೇಕಾದದ್ದು ಕೆಳ ಅಂಚನ್ನು. ಒಂದು ಮಿ.ಮೀ. ಬೂದಿ ಬಿದ್ದಿದ್ದರೆ ಹುಳುಗಳು ಅದನ್ನು ಕಲಸಿ ಪದರದ ಸುಳಿವೇ ಇಲ್ಲದಂತೆ ಮಾಡುತ್ತವೆ. ಗಾಜಿನ ಚೂರುಗಳು ಅಲ್ಲೇ ಇರುತ್ತವೆ, ಕಣ್ಣಿಗೆ ಪಟ್ಟಿ ಕಾಣುವುದಿಲ್ಲ. ಅದನ್ನು ಗುಪ್ತ ಟೆಫ್ರಾ ಎನ್ನೋಣ.

4 ಮೀಟರಿಗೆ 72,000 ವರ್ಷ ಎಂದರೆ ಸರಾಸರಿ ಸಾವಿರ ವರ್ಷಕ್ಕೆ ಐದೂವರೆ ಸೆಂ.ಮೀ. ಒಂದು ಸೆಂಟಿಮೀಟರಿಗೆ 180 ವರ್ಷ. ಹುಳುಗಳು ಕಲಕುವ ಹತ್ತು ಸೆಂ.ಮೀ. ಎಂದರೆ 1,800 ವರ್ಷಗಳ ಕಲಬೆರಕೆ. ನಡುವೆ ಐವತ್ತು ವರ್ಷ ಅಂತರದ ಎರಡು ಸಣ್ಣ ಸ್ಫೋಟಗಳು ಈ ಕೆಸರಿನಲ್ಲಿ ಎರಡಾಗಿ ಉಳಿಯುವುದು ಕಷ್ಟ. ಪದರ ಒಂದು ಎಂದರೆ ಸ್ಫೋಟ ಒಂದೇ ಎಂದಲ್ಲ.

ಬೂದಿ ಮೇಲಿಂದ ತಳ ಮುಟ್ಟಲು ಎಷ್ಟು ಹೊತ್ತು ಎಂದು ಅಡುಗೆಮನೆಯ ಹುಡುಗ ಮತ್ತೆ ಬಂದು ಕೇಳಿದ. 0.1 ಮಿ.ಮೀ. ಗಾತ್ರದ ಕಣ ಎರಡು ಸಾವಿರ ಮೀಟರ್ ಇಳಿಯಲು ನಾಲ್ಕು ದಿನದ ಆಸುಪಾಸು. ಅದರ ಹತ್ತರಲ್ಲೊಂದು ಗಾತ್ರದ ಕಣ ಒಂಟಿಯಾಗಿ ಇಳಿದರೆ ಸರಿಸುಮಾರು ವರ್ಷ. ಆದರೆ ಅವು ಒಂಟಿಯಾಗಿ ಇಳಿಯುವುದು ಕಡಿಮೆ. ಮೇಲ್ನೀರಿನಲ್ಲಿ ಬೂದಿ ದಟ್ಟವಾದರೆ ನೀರೇ ಭಾರವಾಗಿ ಕಂಬದಂತೆ ಕೆಳಗೆ ಕುಸಿಯುತ್ತದೆ. ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿಯ 1991ರ ಬೂದಿ ದಕ್ಷಿಣ ಚೀನಾ ಸಮುದ್ರದ ಆಳಕ್ಕೆ ಈ ಒಂಟಿ ಕಣದ ಲೆಕ್ಕಕ್ಕಿಂತ ಎಷ್ಟೋ ಬೇಗ ತಲುಪಿತ್ತು. "ಅಂದ್ರೆ ರವೆ ಒಟ್ಟಿಗೆ ಸುರಿದ್ರೆ ಗಂಟು ಕಟ್ಟಿ ತಳ ಹಿಡಿಯೋ ಹಾಗೆ" ಅಂದ. ಹೌದು, ಹಾಗೇ. ಸಂಜೆ ಉಪ್ಪಿಟ್ಟಿತ್ತು, ಗಂಟಿರಲಿಲ್ಲ.

ಆರನೆಯ ದಿನ: ಉರುಳಿ ಬಂದದ್ದು

ಉತ್ತರಕ್ಕೆ ನಾರ್ಕಾಂಡಮ್. ಹಸಿರು ಮುಚ್ಚಿದ, 700 ಮೀಟರಿಗೂ ಎತ್ತರದ, ಸದ್ದಿಲ್ಲದ ಜ್ವಾಲಾಮುಖಿ. ಮೋಡ ಕವಿದು ಬುಡ ಮಾತ್ರ ಕಂಡಿತು. ಅಲೆ ಎದ್ದು ಒಂದೇ ಕೋರ್ ಸಾಧ್ಯವಾಯಿತು. ಅದರಲ್ಲಿ ಒಂದು ಗೇಣು ದಪ್ಪದ ಕಪ್ಪು ಮರಳು, ಎಲ್ಲರಿಗೂ ಹಬ್ಬ. ಹತ್ತು ನಿಮಿಷದಲ್ಲಿ ಹಬ್ಬ ಮುಗಿಯಿತು.

ಲೆನ್ಸಿನಡಿ ಮೊದಲು ಕಂಡದ್ದು ಹವಳದ ಚೂರು, ಆಳವಿಲ್ಲದ ನೀರಿನ ಚಿಪ್ಪುಗಳು. ಎರಡು ಸಾವಿರ ಮೀಟರ್ ಆಳದಲ್ಲಿ ಅವುಗಳಿಗೇನು ಕೆಲಸ? ಕೆಳ ಅಂಚು ಕೊರೆದಂತೆ ಅಂಕುಡೊಂಕು, ಒಳಗೆ ಅಲೆಯಾಕಾರದ ಓರೆ ಗೆರೆಗಳು, ಗಾಜು ಮೂರು ನಾಲ್ಕು ಬಣ್ಣದ್ದು, ಅಂಚುಗಳು ಸವೆದದ್ದು. ಇದು ಬಿದ್ದ ಬೂದಿಯಲ್ಲ, ಇಳಿಜಾರಿನಿಂದ ಕೆಸರಿನ ಪ್ರವಾಹವಾಗಿ ಉರುಳಿ ಬಂದ ಟರ್ಬಿಡೈಟ್. ಭೂಕಂಪಕ್ಕೆ ಹೆಸರಾದ ಈ ಕಡಲಿನಲ್ಲಿ ಅದಕ್ಕೇನೂ ಬರವಿಲ್ಲ. ಕೆಳಗೆ ದಪ್ಪ, ಮೇಲೆ ಸಣ್ಣ ಎಂಬ ಕಣಗಳ ಕ್ರಮವೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ನೇರವಾಗಿ ಬಿದ್ದ ಬೂದಿಯೂ ಹಾಗೇ ಕೂರುತ್ತದೆ. ಚಿಪ್ಪು ನೋಡಬೇಕು, ತಳದ ಅಂಚು ನೋಡಬೇಕು, ಗಾಜು ಒಂದೇ ಜಾತಿಯದೋ ಎಂದು ನೋಡಬೇಕು. ತೇಲುಕಲ್ಲು, ಅಂದರೆ ಪ್ಯೂಮಿಸ್, ಇನ್ನೊಂದು ತರಲೆ. ಇಂಡೋನೇಷ್ಯಾದ ಕ್ರಾಕಟಾವ್ 1883ರಲ್ಲಿ ಉಗುಳಿದ ಪ್ಯೂಮಿಸ್ ಹಿಂದೂ ಮಹಾಸಾಗರವನ್ನೇ ದಾಟಿ ತೇಲಿತ್ತು. ಕೆಸರಿನ ನಡುವೆ ಒಂಟಿಯಾಗಿ ಕೂತ ಬಟಾಣಿ ಗಾತ್ರದ ಪ್ಯೂಮಿಸ್ ಯಾವ ಪದರಕ್ಕೂ ಸಾಕ್ಷಿಯಲ್ಲ.

ಏಳನೆಯ ದಿನ: ಮರಳಿ

ಕೋರುಗಳು 4 ಡಿಗ್ರಿಯ ತಣ್ಣನೆ ಪೆಟ್ಟಿಗೆಯಲ್ಲಿ, ಜನ ಬಿಸಿಲಿನಲ್ಲಿ. ಫ್ರೀಜರಿಗೆ ಹಾಕಬಾರದು, ಹೆಪ್ಪುಗಟ್ಟಿ ಹಿಗ್ಗಿದ ನೀರು ಪದರಗಳನ್ನು ಒಡೆಯುತ್ತದೆ. ಜೆಟ್ಟಿಯಲ್ಲಿ ಆ ಮೀನುಗಾರ ಕಾಣಲಿಲ್ಲ.

ಆಮೇಲಿನ ವಾರಗಳು: ಪ್ರಯೋಗಾಲಯ

ನಿಜವಾದ ಪ್ರವಾಸ ಇಲ್ಲಿಂದ ಶುರು ಅನ್ನಬಹುದು. ಕಪ್ಪು ಪಟ್ಟಿಯಿಂದ ಒಂದು ಚಮಚ, ಮತ್ತು ಪಟ್ಟಿ ಕಾಣದ ಕಡೆಯಲ್ಲೂ ಉದ್ದಕ್ಕೂ ಸಣ್ಣ ಸಣ್ಣ ಚೂರು ಕೆಸರು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದ ಅಂಶ ಕರಗಿಸಿ, 25 ಮತ್ತು 125 ಮೈಕ್ರಾನ್ ಜರಡಿಗಳ ನಡುವೆ ಉಳಿದದ್ದನ್ನು ತೆಗೆದುಕೊಳ್ಳುವುದು. ಕಾಲ ತಿಳಿಯಲು ಬೇಕಾದ ಚಿಪ್ಪುಗಳನ್ನು ಆಮ್ಲ ಹಾಕುವ ಮೊದಲೇ ಬೇರೆ ತೆಗೆದಿಟ್ಟಿರಬೇಕು. ಕರಗಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕಾಲದ ಲೆಕ್ಕಕ್ಕೆ ಬೂದಿಯನ್ನು ಮುಟ್ಟುವುದಿಲ್ಲ. ಪದರದ ಸರಿಯಾಗಿ ಕೆಳಗಿನ ಮತ್ತು ಮೇಲಿನ ಕೆಸರಿನಿಂದ ಫೊರಾಮಿನಿಫೆರಾ ಎಂಬ ತೇಲುಜೀವಿಗಳ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದಿಂದ ಒಂದೊಂದಾಗಿ ಹೆಕ್ಕಿ (ಕೆಲವೇ ಮಿಲಿಗ್ರಾಂ ಕೂಡಿಸಲು ನೂರಾರು ಬೇಕು) ರೇಡಿಯೋಕಾರ್ಬನ್ ಕಾಲನಿರ್ಣಯಕ್ಕೆ ಕಳಿಸುವುದು. ಅದು ಸುಮಾರು 50,000 ವರ್ಷದವರೆಗೆ ಕೈಹಿಡಿಯುತ್ತದೆ, ಅದರಾಚೆಗೆ ಚಿಪ್ಪುಗಳ ಆಮ್ಲಜನಕ ಐಸೋಟೋಪಿನ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳ) ಏರಿಳಿತವನ್ನು ಹಿಮಯುಗಗಳ ಏರಿಳಿತಕ್ಕೆ ಹೊಂದಿಸಬೇಕು. ಕಡಲ ನೀರಿನ ಇಂಗಾಲ ಹಳೆಯದಾದ್ದರಿಂದ ಬಂದ ವಯಸ್ಸಿನಿಂದ ಕೆಲವು ನೂರು ವರ್ಷ ಕಳೆಯಬೇಕು. ಎಲ್ಲರೂ ಮರೆಯುವ ಇನ್ನೊಂದು ಕಳೆಯುವ ಲೆಕ್ಕವಿದೆ: ಬೂದಿ ಪದರದ ದಪ್ಪ. ಅದು ದಿನಗಳಲ್ಲಿ ಕೂತದ್ದು. ಒಟ್ಟು ಆಳದಿಂದ ಅದನ್ನು ತೆಗೆಯದಿದ್ದರೆ ಎರಡು ಬೆರಳು ಬೂದಿಗೆ ನೂರಾರು ವರ್ಷದ ಸುಳ್ಳು ವಯಸ್ಸು ಸೇರಿಕೊಳ್ಳುತ್ತದೆ. ತೋಬಾ ಪದರ ಸಿಕ್ಕರೆ ಅದೊಂದು ಗಟ್ಟಿ ಗೂಟ, ಎಲ್ಲ ಲೆಕ್ಕವನ್ನೂ ಅದಕ್ಕೆ ಕಟ್ಟಬಹುದು. ಹಿಂದೂ ಮಹಾಸಾಗರದ ತಳದ ಬೆಟ್ಟಸಾಲಾದ ನೈಂಟಿಈಸ್ಟ್ ರಿಡ್ಜ್ ಮೇಲಿನ 758ನೇ ಕೊರೆತ ಸ್ಥಳದಲ್ಲಿ ತೋಬಾದ ಇನ್ನೂ ಹಳೆಯ, ಸುಮಾರು 7.9 ಲಕ್ಷ ವರ್ಷದ ಬೂದಿ, ಭೂಮಿಯ ಕಾಂತಧ್ರುವಗಳು ಕೊನೆಯ ಬಾರಿ ಅದಲುಬದಲಾದ ಗಡಿಗಿಂತ ತುಸು ಕೆಳಗೆ ಕೂತಿದೆ. ಒಂದಕ್ಕೊಂದು ಸಾಕ್ಷಿ.

ಇನ್ನು ಬೂದಿ ಯಾರದೆಂಬ ಪ್ರಶ್ನೆ. ಬಣ್ಣ ಒಂದು ಮಟ್ಟಿಗೆ ಹೇಳುತ್ತದೆ. ಬ್ಯಾರೆನ್‌ನದು ಕಂದುಗಪ್ಪು ಮೊಂಡು ಚೂರು, ತೋಬಾದ್ದು ಒಡೆದ ಗುಳ್ಳೆಯ ಗೋಡೆಯಂತೆ ತೆಳುವಾದ, ಬಣ್ಣವಿಲ್ಲದ ಗಾಜು. ನಿರ್ಧಾರ ಮಾತ್ರ ಮೈಕ್ರೋಪ್ರೋಬಿನದು. ಚೂರುಗಳನ್ನು ರೆಸಿನ್ನಿನಲ್ಲಿ ಕೂರಿಸಿ, ಕನ್ನಡಿಯಂತೆ ಹೊಳಪು ಕೊಟ್ಟು, 15 ಕಿಲೋವೋಲ್ಟ್ ಎಲೆಕ್ಟ್ರಾನ್ ಕಿರಣ ಬಿಡುವುದು. ಕಿರಣವನ್ನು 10 ಮೈಕ್ರಾನಿಗೆ ಹರಡಬೇಕು, ಸೋಡಿಯಂ ಅನ್ನು ಎಲ್ಲಕ್ಕಿಂತ ಮೊದಲು ಅಳೆಯಬೇಕು. ಚೂಪು ಕಿರಣಕ್ಕೆ ಸೋಡಿಯಂ ಜಾಗ ಬಿಟ್ಟು ಓಡುತ್ತದೆ, ಬಂದ ಅಂಕಿಯನ್ನು ಆಮೇಲೆ ಯಾವ ಲೆಕ್ಕವೂ ಸರಿಪಡಿಸದು. ಒಂದು ಪದರಕ್ಕೆ ಕನಿಷ್ಠ ಇಪ್ಪತ್ತು ಚೂರು. ತೋಬಾದ ಗಾಜಿನಲ್ಲಿ ಸಿಲಿಕಾ 77 ಶೇಕಡ, ಪೊಟ್ಯಾಸಿಯಂ ಆಕ್ಸೈಡ್ 5ರ ಆಸುಪಾಸು. ಬ್ಯಾರೆನ್‌ನದರಲ್ಲಿ ಸಿಲಿಕಾ ಐವತ್ತರ ಹತ್ತಿರದ್ದು, ಪೊಟ್ಯಾಸಿಯಂ ಬಲು ಕಡಿಮೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಇಟ್ಟರೆ ಕುರುಡನಿಗೂ ಬೇರೆ ಕಾಣುತ್ತದೆ. ಒಂದೇ ಜ್ವಾಲಾಮುಖಿಯ ಎರಡು ಸ್ಫೋಟಗಳನ್ನು ಬಿಡಿಸುವುದೇ ಕಷ್ಟ. ಅಲ್ಲಿ ಅಲ್ಪ ಪ್ರಮಾಣದ ಮೂಲಧಾತುಗಳೂ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಐಸೋಟೋಪುಗಳೂ ಬೇಕು. ಬಸಾಲ್ಟ್ ಗಾಜಿನ ತುಂಬ ಸೂಜಿಯಂಥ ಹರಳುಗಳಿರುವುದರಿಂದ ಕಿರಣ ಹರಳಿಗೆ ತಗುಲಿದರೆ ಅಲ್ಯುಮಿನಿಯಂ, ಕ್ಯಾಲ್ಸಿಯಂ ಸುಮ್ಮನೆ ಏರುತ್ತವೆ. ಅಂಥ ಅಂಕಿಯನ್ನು ತೆಗೆದುಹಾಕದಿದ್ದರೆ ಇಲ್ಲದ ಇನ್ನೊಂದು ಸ್ಫೋಟ ಹುಟ್ಟಿಕೊಳ್ಳುತ್ತದೆ.

ಅತಿ ದೊಡ್ಡ ಎಡವಟ್ಟು ಆದದ್ದು ಗುಪ್ತ ಟೆಫ್ರಾ ಹುಡುಕುವಾಗ. ಪುಸ್ತಕದ ಕ್ರಮ ಹೀಗೆ: ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರದ ದ್ರವವನ್ನು ಘನ ಸೆಂಟಿಮೀಟರಿಗೆ 2.5 ಗ್ರಾಂ ಸಾಂದ್ರತೆಗೆ ಹದ ಮಾಡಿ, ಮಾದರಿ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವುದು. ಗಾಜು ತೇಲುತ್ತದೆ, ಸ್ಫಟಿಕಶಿಲೆಯೂ ಬೇರೆ ಖನಿಜಗಳೂ ಮುಳುಗುತ್ತವೆ. ತೊಳೆಯಲು ಶುದ್ಧೀಕರಿಸಿದ ನೀರೇ ಬೇಕು, ನಲ್ಲಿ ನೀರಿನ ಕ್ಯಾಲ್ಸಿಯಂ ತಗುಲಿದರೆ ದುಬಾರಿ ದ್ರವದಲ್ಲಿ ಬಿಳಿ ಗಸಿ ಕಟ್ಟುತ್ತದೆ. ಎಲ್ಲ ಸರಿಯಾಗಿಯೇ ನಡೆಯಿತು. ತೇಲಿದ್ದನ್ನು ಗಾಜಿನ ಫಲಕಕ್ಕೆ ಹಾಕಿ ಮೂರು ದಿನ ಎಣಿಸಿದರೆ ಬ್ಯಾರೆನ್‌ನ ಚೂರು ಒಂದೂ ಇಲ್ಲ. ಕಾಂತೀಯ ಸೂಚಿ ಏರಿದ್ದ ಆಳದಲ್ಲೂ ಇಲ್ಲ.

ಆ ಕ್ರಮ ಹುಟ್ಟಿದ್ದು ಹಗುರವಾದ ರಯೋಲೈಟ್ ಗಾಜಿಗಾಗಿ. ಬಸಾಲ್ಟ್ ಗಾಜಿನ ಸಾಂದ್ರತೆ 2.7ರ ಮೇಲೆ, ಅದು ಸ್ಫಟಿಕಶಿಲೆಯ ಜೊತೆಗೇ ಮುಳುಗುತ್ತದೆ. ಸೋಸಿ ಸಿಂಕಿಗೆ ಸುರಿಯಲೆಂದು ಸಾಲಾಗಿ ಇಟ್ಟಿದ್ದ ಜಾಡಿಗಳ ತಳದಲ್ಲಿತ್ತು ಎಲ್ಲವೂ. ಆ ಮಡ್ಡಿಯನ್ನು ಒಣಗಿಸಿ, ಓರೆಯಾಗಿ ಇಟ್ಟ ಕಾಂತೀಯ ವಿಭಜಕದಲ್ಲಿ ನಿಧಾನವಾಗಿ ಹರಿಸಿದಾಗ ಸ್ಫಟಿಕಶಿಲೆ ಒಂದು ಕಡೆ ಹೋಯಿತು, ಕಂದುಗಪ್ಪು ಚೂರುಗಳು ಇನ್ನೊಂದು ಕಡೆ ಗುಡ್ಡೆಯಾದವು. ಎರಡು ಜಾಡಿ ಮಾತ್ರ ಅಷ್ಟರಲ್ಲಿ ಖಾಲಿಯಾಗಿದ್ದವು. ಉಳಿದವುಗಳ ಮೇಲೆ ಈಗ ಕೆಂಪು ಶಾಯಿಯ ಚೀಟಿ ಅಂಟಿಸಿದೆ: "ಚೆಲ್ಲಬೇಡಿ."